ಒಂದೇ 90, ಎರಡು ಅರ್ಥ: ಬಣ್ಣ, ಆಟಿಕೆ, ಕಾಡಿಗೆ ಕೊಳ್ಳುವಾಗ ಯಾವುದನ್ನು ಆರಿಸಬೇಕು

ನನ್ನ ಮಗನಿಗೆ ಕಿಟಕಿ ಸರಳು ನೆಕ್ಕುವ ಚಾಳಿ. ಎರಡು ವರ್ಷ ತುಂಬಿದರೂ ಬಿಟ್ಟಿಲ್ಲ. ಮಂಡ್ಯದಲ್ಲಿ ನಮ್ಮ ಬಾಡಿಗೆ ಮನೆಯ ಹಾಲ್ ಕಿಟಕಿ ರಸ್ತೆ ಕಡೆಗಿದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಸದ್ದು ಕೇಳಿದರೆ ಸಾಕು, ಓಡಿಹೋಗಿ ಸರಳು ಹಿಡಿದು ನಿಲ್ಲುತ್ತಾನೆ, ಅದು ಮರೆಯಾಗುವ ತನಕ ಬಾಯಿ ಸರಳಿಗೇ ಅಂಟಿರುತ್ತದೆ. ಹಳೇ ಹಸಿರು ಆಯಿಲ್ ಪೇಂಟು. ಚಕ್ಕೆ ಎದ್ದ ಕಡೆ ಕೆಳಗೆ ಹಳದಿ ಕಾಣುತ್ತದೆ, ಅದರಡಿ ಕೇಸರಿ. ಒಂದು ಸಂಜೆ ಅವನ ಕೆಳತುಟಿ ಮೇಲೆ ಉಗುರಿನಷ್ಟು ಹಸಿರು ಚಕ್ಕೆ ಕೂತಿತ್ತು. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಮಕ್ಕಳಿಗೆ ಅದು ವಿಷ. ಅವತ್ತಿನಿಂದ ನಾನು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕಕ್ಕೆ ಬಿದ್ದೆ.

ನಾನು ಕೆಮಿಸ್ಟ್ ಅಲ್ಲ, ಲೆಕ್ಕ ಬರೆಯುವ ಕೆಲಸ. ಆದರೆ ಈ ಒಂದು ವರ್ಷದಲ್ಲಿ ಮಗುವಿರುವ ಮನೆಗೆ ಬೇಕಾದ ಸಾಮಾನುಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ ಮೇಲೆ ಒಂದು ವಿಷಯ ಗೊತ್ತಾಯಿತು. ಅಂಗಡಿಯಲ್ಲಿ ಎರಡು ಸಾಮಾನು ಮುಂದಿಟ್ಟಾಗ 'ಯಾವುದು ಸೇಫು?' ಎಂದು ಕೇಳಿ ಉಪಯೋಗವಿಲ್ಲ. ಎರಡೂ ಸೇಫೇ ಸಾರ್ ಅಂತಾರೆ. ಕೇಳಬೇಕಾದ್ದು ಬೇರೆ: ಇದು ಯಾವ ಪರೀಕ್ಷೆ ಪಾಸಾಗಿ ಬಂದಿದೆ? ಅಥವಾ ಪರೀಕ್ಷೆಗೇ ಕೂತಿಲ್ಲವಾ? ನ್ಯಾಚುರಲ್, ಹರ್ಬಲ್, ನಾನ್ ಟಾಕ್ಸಿಕ್ ಅನ್ನುವುದೆಲ್ಲ ಬರೀ ಪದ. ಪದಕ್ಕೆ ಯಾರೂ ಅಳತೆ ಹಾಕುವುದಿಲ್ಲ. ಸಂಖ್ಯೆಗೆ ಹಾಕುತ್ತಾರೆ.

ಮೊದಲು ಪೇಂಟು

ನಮ್ಮಲ್ಲಿ ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಎಂದು 2016ರಲ್ಲಿ ಕೇಂದ್ರ ಪರಿಸರ ಇಲಾಖೆ ನಿಯಮ ಮಾಡಿತು, 2017ರ ನವೆಂಬರ್ 1ರಿಂದ ಜಾರಿ. 90 ಪಿಪಿಎಂ ಅಂದರೆ ಒಂದು ಕೆಜಿ ಬಣ್ಣದಲ್ಲಿ 90 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಅಮೆರಿಕದಲ್ಲೂ ಅಷ್ಟೇ. ಅವರು 1978ರಲ್ಲಿ 600 ಅಂತ ಇಟ್ಟುಕೊಂಡಿದ್ದು 2009ರಲ್ಲಿ 90ಕ್ಕೆ ಇಳಿಸಿದರು. ಹಾಗಾದರೆ 2017ಕ್ಕೂ ಮುಂಚೆ ಹೊಡೆದ ನಮ್ಮ ಕಿಟಕಿಯ ಕಥೆ? ಅದರಲ್ಲೂ ಹಳದಿ, ಕೇಸರಿ, ಕೆಂಪು, ಹಸಿರು ಆಯಿಲ್ ಪೇಂಟುಗಳಿಗೆ ಕಣ್ಣು ಕುಕ್ಕುವ ರಂಗು ಬರುತ್ತಿದ್ದುದೇ ಲೆಡ್ ಕ್ರೋಮೇಟ್ ಎಂಬ ಸೀಸದ ಪುಡಿಯಿಂದ. ಅಂಥವುಗಳಲ್ಲಿ ಸೀಸ ಸಾವಿರಗಟ್ಟಲೆ ಪಿಪಿಎಂ ಇರುತ್ತಿತ್ತು. ಅದಕ್ಕೇ ಬಿಳಿ ಗೋಡೆಗಿಂತ ಬಣ್ಣದ ಕಿಟಕಿ ನನಗೆ ಜಾಸ್ತಿ ಭಯ.

ಹೊಸ ಪೇಂಟು ತರುವಾಗ ನಿಮ್ಮ ಮುಂದೆ ಸಾಮಾನ್ಯವಾಗಿ ಮೂರು ಡಬ್ಬ ಬರುತ್ತವೆ. ನೀರಿನಲ್ಲಿ ಕಲಸುವ ಎನಾಮೆಲ್, ಟರ್ಪೆಂಟೈನ್ ಹಾಕುವ ಮಾಮೂಲಿ ಎನಾಮೆಲ್, ಮತ್ತೆ ಗ್ರಿಲ್ಲಿಗೆ ಗಟ್ಟಿ ಇರಲಿ ಅಂತ ಹಾರ್ಡ್‌ವೇರ್ ಅಂಗಡಿಯವನು ಕೊಡುವ ಇಂಡಸ್ಟ್ರಿಯಲ್ ಎನಾಮೆಲ್. ಮೂರನೆಯದನ್ನು ಮನೆಯೊಳಗೆ ತರಲೇಬೇಡಿ. 90ರ ನಿಯಮ ಮನೆ ಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ, ಕಾರ್ಖಾನೆ ಬಳಕೆಯ ಬಣ್ಣಕ್ಕೆ ಅನ್ವಯಿಸುವುದಿಲ್ಲ. ಡಬ್ಬದ ಮೇಲೆ 'ಇಂಡಸ್ಟ್ರಿಯಲ್' ಎಂದು ಸಣ್ಣದಾಗಿ ಬರೆದಿದ್ದರೂ ಅದು ಕಾನೂನಿನ ಹೊರಗೆ ನಿಂತ ಡಬ್ಬ. ನನಗೆ ಇದು ಗೊತ್ತಾದದ್ದು ಎರಡನೇ ಡಬ್ಬ ತಿರುಗಿಸಿ ಓದುವಾಗ. ಅದರ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಸಾಲು, ತಯಾರಕರ ವಿಳಾಸ, ತಯಾರಾದ ತಿಂಗಳು ಎಲ್ಲ ಇತ್ತು. ಮೂರನೆಯದರ ಮೇಲೆ ಆ ಸಾಲೇ ಇರಲಿಲ್ಲ. ಅಂಗಡಿಯವರನ್ನು ಕೇಳಿದರೆ 'ಎಲ್ಲ ಒಂದೇ ಕಂಪನಿ ಮಾಲು' ಎಂದರು.

ಮೊದಲೆರಡರಲ್ಲಿ ನನ್ನ ಆಯ್ಕೆ ನೀರಿನದು. ಸೀಸದ ವಿಷಯದಲ್ಲಿ ಎರಡಕ್ಕೂ ಒಂದೇ ಮಿತಿ, ಆದರೆ ನೀರಿನ ಪೇಂಟಿಗೆ ತಲೆ ಹಿಡಿಯುವ ವಾಸನೆ ಕಡಿಮೆ, ಬೇಗ ಒಣಗುತ್ತದೆ. ಒಂದು ಮಾತು ನೆನಪಿರಲಿ: ಲೋ ವಿಒಸಿ ಎಂದು ದೊಡ್ಡದಾಗಿ ಬರೆದಿರುವುದು ಆ ವಾಸನೆಯ ದ್ರಾವಕದ ಬಗ್ಗೆ, ಸೀಸದ ಬಗ್ಗೆ ಅಲ್ಲ. ಇವೆರಡನ್ನೂ ಕಲಸಿಕೊಳ್ಳಬೇಡಿ.

ಪ್ರೈಮರ್ ವಿಷಯದಲ್ಲೂ ಒಂದು ಗೊಂದಲ ಇದೆ. ಪೇಂಟರ್‌ಗಳು ಎಲ್ಲಾ ಕೆಂಪು ಪ್ರೈಮರ್‌ಗೂ ರೆಡ್ ಆಕ್ಸೈಡ್ ಅಂತಾರೆ. ರೆಡ್ ಆಕ್ಸೈಡ್ ಅಂದರೆ ಕಬ್ಬಿಣದ ತುಕ್ಕಿನ ಬಣ್ಣ, ಇಟ್ಟಿಗೆ ಕೆಂಪು. ರೆಡ್ ಲೆಡ್ ಬೇರೆ, ಅದು ಸೀಸದ್ದೇ, ಕಿತ್ತಳೆ ಕಡೆಗೆ ವಾಲುವ ಬಣ್ಣ. ನಮ್ಮ ಕಿಟಕಿಯ ತಳದಲ್ಲಿದ್ದ ಕೇಸರಿ ಪದರ ಏನಿರಬಹುದು ಎಂದು ಯೋಚಿಸಿ ರಾತ್ರಿ ನಿದ್ದೆ ಬರಲಿಲ್ಲ. ಇನ್ನು ರೆಡ್ ಆಕ್ಸೈಡ್ ಜೊತೆ ಜಿಂಕ್ ಕ್ರೋಮೇಟ್ ಸೇರಿಸಿದ ಪ್ರೈಮರ್ ಕೂಡ ಇದೆ, ಕ್ರೋಮೇಟ್ ಕೂಡ ಒಳ್ಳೆಯದಲ್ಲ. ಜಿಂಕ್ ಫಾಸ್ಫೇಟ್ ಪ್ರೈಮರ್ ಕೊಡಿ ಎಂದು ಹೆಸರು ಹಿಡಿದೇ ಕೇಳಿ.

ಹಳೇ ಬಣ್ಣವನ್ನು ಕೆರೆಯಬೇಕಾ, ಮೇಲೇ ಹೊಡೆಯಬೇಕಾ? ಚಕ್ಕೆ ಏಳದೆ ಗಟ್ಟಿಯಾಗಿ ಕೂತಿದ್ದರೆ ಸುಮ್ನೆ ಮೇಲೆ ಹೊಡೆಯಿರಿ. ಎದ್ದಿದ್ದರೆ ನೀರು ಹಾಕಿ, ವಾಟರ್ ಪೇಪರ್‌ನಲ್ಲಿ ಉಜ್ಜಬೇಕು. ಒಣ ಕೆರೆತ ಮಾತ್ರ ಬೇಡ. ಮೈಸೂರಿನ ಚಾಮುಂಡಿಪುರಂನಲ್ಲಿ ನಮ್ಮತ್ತೆ ಮನೆಯಲ್ಲಿ ಆದದ್ದು ಇದೇ. ಪೇಂಟರ್ ಮಷೀನ್ ಹಿಡಿದು ಬಾಗಿಲು, ಕಿಟಕಿ ಎಲ್ಲ ಒಣಗಿದ್ದ ಹಾಗೇ ಉಜ್ಜಿಬಿಟ್ಟ. ಮಧ್ಯಾಹ್ನ ತಾರಸಿಗೆ ಹೋಗಿ ನೋಡಿದರೆ ಒಣಗಲು ಹಾಕಿದ್ದ ಅಕ್ಕಿ ಸಂಡಿಗೆ ಮೇಲೆ ತೆಳ್ಳಗೆ ನೀಲಿ ಧೂಳು. ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ತುಂಬಲು ಹೊರಟಿದ್ದರು. ಎರಡು ಸೇರು ಸಂಡಿಗೆಯನ್ನು ಕಸಕ್ಕೆ ಹಾಕಿಸಲು ನನಗೆ ಆದ ಮಾತಿನ ಯುದ್ಧ ಇಲ್ಲಿ ಬೇಡ. ಸೀಸ ಮೈಯೊಳಗೆ ಚಕ್ಕೆಯಾಗಿ ಹೋಗುವುದಕ್ಕಿಂತ ಧೂಳಾಗಿ ಹೋಗುವುದೇ ಸುಲಭ, ಅದರಲ್ಲೂ ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ 4-5 ಪಟ್ಟು ಜಾಸ್ತಿ ಹೀರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಮಗನ ರಕ್ತದಲ್ಲಿ ಸೀಸ ಎಷ್ಟಿದೆ ಎಂದೂ ಪರೀಕ್ಷೆ ಮಾಡಿಸಿದೆವು. ಒಂದು ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಮೇಲಿದ್ದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು, ಇದು 2021ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅವನದು ಅದಕ್ಕಿಂತ ಕೆಳಗೆ ಬಂತು. ಡಾಕ್ಟರ್ ಜೊತೆಗೇ ಕಬ್ಬಿಣದ ಅಂಶವನ್ನೂ ನೋಡಿದರು. ಕಬ್ಬಿಣ ಕಡಿಮೆಯಿರುವ ಮಗು ಸೀಸವನ್ನು ಜಾಸ್ತಿ ಹೀರುತ್ತದಂತೆ. ರಾಗಿ, ಸೊಪ್ಪು ತಿನ್ನಿಸಿ ಎಂದು ಹೇಳಿ ಕಳಿಸಿದರು. ಮಂಡ್ಯದಲ್ಲಿ ಅದನ್ನು ಹೇಳಬೇಕಾ?

ಆಟಿಕೆ: ಐಎಸ್‌ಐ, ಚನ್ನಪಟ್ಟಣ, ಇಲ್ಲಾ ಜಾತ್ರೆ ಮಾಲು

ಆಟಿಕೆಗೂ 90 ಎಂಬ ಸಂಖ್ಯೆಯೇ ಇದೆ. ಎಲ್ಲರೂ ಎಡವುವುದು ಇಲ್ಲೇ. ಪೇಂಟ್ ಡಬ್ಬದ 90 ಎಂದರೆ ಒಳಗಿರುವ ಒಟ್ಟು ಸೀಸ. ಆಟಿಕೆಯ ಸುರಕ್ಷತೆಗೆಂದು ಇರುವ ಭಾರತೀಯ ಮಾನದಂಡ ಐಎಸ್ 9873ರ 3ನೇ ಭಾಗದಲ್ಲಿರುವ 90 ಎಂದರೆ ಆಟಿಕೆಯಿಂದ ಹೊರಗೆ ಬಿಡುವ ಸೀಸ. ಹೇಗೆ ಅಳೆಯುತ್ತಾರೆ ಗೊತ್ತಾ? ಆಟಿಕೆಯ ಬಣ್ಣ ಕೆರೆದು, ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ, ಅಂದರೆ ನಮ್ಮ ಹೊಟ್ಟೆಯಲ್ಲಿರುವ ಥರದ ಆಸಿಡ್‌ನಲ್ಲಿ ಹಾಕಿ, ಮೈ ಬಿಸಿಯ 37 ಡಿಗ್ರಿಯಲ್ಲಿ ಒಂದು ಗಂಟೆ ಅಲ್ಲಾಡಿಸಿ, ಇನ್ನೊಂದು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಆ ಆಸಿಡ್‌ಗೆ ಎಷ್ಟು ಸೀಸ ಇಳಿಯಿತು ಎಂದು ನೋಡುತ್ತಾರೆ. ಮಗು ನುಂಗಿದರೆ ಏನಾಗುತ್ತದೆ ಎಂಬುದರ ಅಣಕು ಇದು. ಬೇರೆ ವಿಷಗಳಿಗೂ ಇದೇ ಥರ ಮಿತಿ ಇದೆ: ಕ್ಯಾಡ್ಮಿಯಂಗೆ 75, ಆರ್ಸೆನಿಕ್‌ಗೆ 25, ಪಾದರಸಕ್ಕೆ 60. ಯುರೋಪಿನವರು ಇದೇ ಥರ ಅಳೆದರೂ ಕೆರೆದ ಬಣ್ಣದಿಂದ ಇಳಿಯುವ ಸೀಸವನ್ನು 2018ರಲ್ಲಿ 23ಕ್ಕೆ ಇಳಿಸಿದ್ದಾರೆ. ಅಮೆರಿಕದವರು ಮಕ್ಕಳ ಸಾಮಾನಿನಲ್ಲಿ ಒಟ್ಟು ಸೀಸವೇ 100 ದಾಟಬಾರದು ಅಂತಾರೆ. ಆದ್ದರಿಂದ ಆನ್‌ಲೈನ್‌ನಲ್ಲಿ ಎರಡು ಆಟಿಕೆ ಹೋಲಿಸುವಾಗ ಬರೀ ಸಂಖ್ಯೆ ನೋಡಿ ಇದಕ್ಕಿಂತ ಅದು ವಾಸಿ ಎನ್ನಬೇಡಿ. ಯಾವ ದೇಶದ ಯಾವ ಅಳತೆ ಎಂದು ನೋಡಿ.

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಗುರುತು ಇದ್ದ ಮಾತ್ರಕ್ಕೆ ನಂಬಬೇಡಿ. ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಹಳದಿ ಜೆಸಿಬಿ ಆಟಿಕೆ ನೋಡಿದೆ. ಬಾಕ್ಸ್ ಮೇಲೆ ಐಎಸ್‌ಐ ಚಿಹ್ನೆ ಚೆನ್ನಾಗೇ ಅಚ್ಚಾಗಿತ್ತು. ನಿಜವಾದ ಗುರುತಿನ ಮೇಲ್ಗಡೆ ಐಎಸ್ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಇದರಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಪಕ್ಕದಲ್ಲಿದ್ದ ಇನ್ನೊಂದು ಕಾರಿನ ಬಾಕ್ಸ್‌ನಲ್ಲಿ ಸಂಖ್ಯೆ ಇತ್ತು, ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಕಂಪನಿ ಹೆಸರು, ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದು ಬಂತು. ಒಂದು ನಿಮಿಷದ ಕೆಲಸ. ಬೆಲೆ ನೂರು ರೂಪಾಯಿ ಜಾಸ್ತಿ. ಜೆಸಿಬಿಯೇ ಬೇಕು ಎಂದು ಮಗ ನೆಲಕ್ಕೆ ಬಿದ್ದು ಹೊರಳಾಡಿದ್ದು ಬೇರೆ ಮಾತು.

ಇನ್ನು ಚನ್ನಪಟ್ಟಣದ ಬೊಂಬೆ. ಇದರ ಮೇಲೆ ಐಎಸ್‌ಐ ಇಲ್ಲ ಎಂದು ಗಾಬರಿಯಾಗಬೇಡಿ. ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೂ, ಜಿಐ ಟ್ಯಾಗ್, ಅಂದರೆ ಒಂದು ಊರಿನದ್ದೇ ಎಂಬ ಭೌಗೋಳಿಕ ಗುರುತು ಇರುವ ಸಾಮಾನಿಗೂ 2020ರ ಕೊನೆಯಲ್ಲೇ ವಿನಾಯಿತಿ ಕೊಟ್ಟಿದ್ದಾರೆ, ಚನ್ನಪಟ್ಟಣಕ್ಕೆ ಆ ಟ್ಯಾಗ್ ಇದೆ. ನನಗೆ ಆ ಕೆಲಸ ನೋಡುವುದೇ ಒಂದು ಖುಷಿ. ಆಲೆ ಮರದ ತುಂಡು ಲೇತ್‌ನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ, ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿ ಹಿಡಿದರೆ ಕನ್ನಡಿ ಹೊಳಪು. ಬ್ರಷ್‌ನಲ್ಲಿ ಬಳಿದ ಪೇಂಟಿನ ಹಾಗೆ ಪದರ ಪದರವಾಗಿ ಚಕ್ಕೆ ಏಳುವುದಿಲ್ಲ. ನೆಕ್ಕುವ ಮಗುವಿಗೆ ಇದು ದೊಡ್ಡ ಅನುಕೂಲ.

ಆದರೆ ವಿನಾಯಿತಿ ಎಂದರೆ ಪರೀಕ್ಷೆ ಪಾಸು ಎಂದಲ್ಲ, ಪರೀಕ್ಷೆಗೆ ಕೂರಬೇಕಿಲ್ಲ ಎಂದಷ್ಟೇ. ಅರಗಿಗೆ ಕಲಸಿದ ಬಣ್ಣ ಅರಿಶಿನ, ನೀಲಿ ಗಿಡದ್ದೋ, ಅಂಗಡಿ ಪುಡಿಯೋ ಎಂಬುದು ಮಾಡುವವರ ಮೇಲೆ ನಿಂತಿದೆ. ಕಡು ಮಿಂಚುವ ಹಳದಿ, ಗುಲಾಬಿ ಕಂಡರೆ ನಾನು ಕೇಳಿಯೇ ಕೇಳುತ್ತೇನೆ. 'ಇದು ಯಾವ ಬಣ್ಣ ಅಣ್ಣ?' ಎಂದರೆ ಗೊತ್ತಿರುವವರು ಕಡ್ಡಿ ತಂದು ತೋರಿಸುತ್ತಾರೆ, ಗೊತ್ತಿಲ್ಲದವರು 'ಎಲ್ಲಾ ತರಕಾರಿ ಕಲರ್ರು' ಅಂತಾರೆ. ತರಕಾರಿ ಎಂದವರ ಹತ್ತಿರ ನಾನು ಕೊಳ್ಳುವುದಿಲ್ಲ. ಹೈವೇ ಪಕ್ಕದ ಅಂಗಡಿಯಲ್ಲಿರುವುದೆಲ್ಲ ಚನ್ನಪಟ್ಟಣದ್ದೂ ಅಲ್ಲ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳು ಊರಾಚೆ ಹೋಗಿಬಿಡುತ್ತವೆ, ಆದರೂ ಒಂದು ಸಲ ಕೆಳಗಿಳಿದು ಊರೊಳಗೆ ಹೋಗಿ ಮಾಡುವವರ ಹತ್ತಿರವೇ ತನ್ನಿ.

ಹಾಗಾದರೆ ಎರಡರಲ್ಲಿ ಯಾವುದು? ಮೂರು ವರ್ಷದ ಒಳಗಿನ, ಎಲ್ಲವನ್ನೂ ಬಾಯಿಗಿಡುವ ಮಗುವಿಗೆ ನನ್ನ ಮೊದಲ ಆಯ್ಕೆ ಚನ್ನಪಟ್ಟಣದ್ದು, ಅದೂ ಮಾಡಿದವರು ಗೊತ್ತಿದ್ದರೆ, ಬಣ್ಣ ಮಂದವಾಗಿದ್ದರೆ. ಮಾಡಿದವರು ಗೊತ್ತಿಲ್ಲದಿದ್ದರೆ ಐಎಸ್‌ಐ ಗಟ್ಟಿ ಪ್ಲಾಸ್ಟಿಕ್. ಒತ್ತಿದರೆ ಕೀಂ ಎನ್ನುವ ಮೆತ್ತನೆ ಬಾತುಕೋಳಿಗಳಲ್ಲಿ ಮಾತ್ರ ಜಾಸ್ತಿ ಹುಷಾರು. ಪಿವಿಸಿ ಮೆತ್ತಗಾಗಲು ಥ್ಯಾಲೇಟ್ ಎಂಬ ಎಣ್ಣೆ ಥರದ್ದನ್ನು ಸೇರಿಸುತ್ತಾರೆ, ಅದು ಪ್ಲಾಸ್ಟಿಕ್‌ಗೆ ಅಂಟಿಕೊಂಡು ಕೂರುವುದಿಲ್ಲ, ಜೊಲ್ಲಿನ ಜೊತೆ ಮೆಲ್ಲಗೆ ಹೊರಗೆ ಬರುತ್ತದೆ. ಯುರೋಪ್, ಅಮೆರಿಕ ಎರಡೂ ಕಡೆ ಕೆಲವು ಥ್ಯಾಲೇಟ್‌ಗಳಿಗೆ ಶೇ 0.1ರ ಮಿತಿಯಿದೆ, ನಮ್ಮ ಐಎಸ್ 9873ರ 9ನೇ ಭಾಗ ಇದಕ್ಕೆಂದೇ ಇದೆ. ಗುರುತಿಲ್ಲದ ಮೆತ್ತನೆ ಆಟಿಕೆಯನ್ನು ಪುಕ್ಕಟೆ ಕೊಟ್ಟರೂ ಬೇಡ.

ದಸರಾ ವಸ್ತುಪ್ರದರ್ಶನದಲ್ಲಿ, ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಸಾಮಾನಿನಲ್ಲಿ ಇನ್ನೊಂದು ಗುಂಪಿದೆ: ಸರ, ಬಳೆ, ಕೀಚೈನ್. ಇವು ಕಾನೂನಿನ ಲೆಕ್ಕದಲ್ಲಿ ಆಟಿಕೆಯೇ ಅಲ್ಲ, ಹಾಗಾಗಿ ಆಟಿಕೆಯ ಐಎಸ್‌ಐ ಇವಕ್ಕೆ ಬೇಡ. ಮಗುವಿಗೆ ಮಾತ್ರ ಎಲ್ಲವೂ ಆಟಿಕೆ, ಅಲ್ವಾ? ಕೈಗೆ ಭಾರ ಎನಿಸುವ ಅಗ್ಗದ ಲೋಹದ ಪದಕ ಇದ್ದರೆ ನಾನು ವಾಪಸ್ ಇಟ್ಟುಬಿಡುತ್ತೇನೆ. ಬೊಂಬೆ ಹಬ್ಬದ ಹಳೇ ಬೊಂಬೆಗಳೂ ಅಷ್ಟೇ, ಮೆಟ್ಟಿಲ ಮೇಲೆ ಚೆಂದ, ಮಗುವಿನ ಕೈಗೆ ಬೇಡ.

ಕಾಡಿಗೆ, ಕುಂಕುಮ, ಕ್ರೀಮು

2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಸೌಂದರ್ಯ ಸಾಮಾನಿಗೆ ಬಳಸುವ ಬಣ್ಣದಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ದಾಟಬಾರದು. ಪಾದರಸವನ್ನು ಬೇಕೆಂದೇ ಹಾಕುವಂತಿಲ್ಲ, ತಾನಾಗಿ ಸೇರಿದ್ದರೂ 1 ಪಿಪಿಎಂ ಮೀರಬಾರದು, ಕಣ್ಣಿನ ಸುತ್ತ ಹಚ್ಚುವುದಕ್ಕೆ ಮಾತ್ರ ಆ ನಿಯಮದಲ್ಲಿ 70ರ ತನಕ ಬಿಟ್ಟಿದ್ದರು.

ಮುಖ ಬೆಳ್ಳಗಾಗುವ ಕ್ರೀಮಿನಲ್ಲಿ ಹೋಲಿಕೆಯೇ ಬೇಡ. ವಿಳಾಸವಿಲ್ಲದ, ವಿದೇಶಿ ಲಿಪಿಯ ಚಿಕ್ಕ ಡಬ್ಬಿ, ಒಂದು ವಾರಕ್ಕೇ ಬೆಳ್ಳಗಾಗುತ್ತದೆ ಎಂದರೆ ಅದು ಪಾದರಸವೇ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಪತ್ತೆಯಾಗಿತ್ತು. ಡಬ್ಬಿ ಮೇಲೆ ಕ್ಯಾಲೊಮೆಲ್ ಅಥವಾ ಮರ್ಕ್ಯುರಸ್ ಕ್ಲೋರೈಡ್ ಎಂದಿದ್ದರೆ ಎರಡೂ ಪಾದರಸವೇ.

ಕಾಡಿಗೆಯಲ್ಲಿ ಲೈಸೆನ್ಸ್ ಸಂಖ್ಯೆ, ಬ್ಯಾಚ್, ಪದಾರ್ಥಗಳ ಪಟ್ಟಿ ಇರುವುದು ಒಂದು ಕಡೆ, ಮನೆಯಲ್ಲಿ ಹರಳೆಣ್ಣೆ ದೀಪದ ಮಸಿ ಹಿಡಿದದ್ದು ಇನ್ನೊಂದು ಕಡೆ. ಮಸಿ ಬಹುಪಾಲು ಇಂಗಾಲ, ಸೀಸದ ಚಿಂತೆ ಕಡಿಮೆ. ಆದರೂ ಕೂಸಿನ ಕಣ್ಣೊಳಗೆ ಬೆರಳು ಹಾಕಿ ಹಚ್ಚುವುದು ಬೇಡ ಅಂತಾರೆ ಡಾಕ್ಟರು. ದೃಷ್ಟಿಗೆ ಅಂತ ಬೇಕಿದ್ದರೆ ಅಂಗಾಲಿಗೆ ಇಡಿ. ಕಲ್ಲು ಅರೆದು ಮಾಡುವ ಸುರ್ಮಾ ಬೇರೆಯದೇ ವಸ್ತು, ಆ ಹೊಳೆಯುವ ಕಪ್ಪು ಕಲ್ಲು ಬಹಳ ಸಲ ಸೀಸದ ಅದಿರೇ.

ಕುಂಕುಮದ್ದು ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಗೋಪುರದ ಹಾಗೆ ಪೇರಿಸಿದ ಬಣ್ಣದ ಪುಡಿಗಳನ್ನು ನೋಡಿರುತ್ತೀರಿ. ಪ್ರವಾಸಿಗರು ಫೋಟೊ ತೆಗೆಯುವುದು ಅದನ್ನೇ. ಚೆಂದ ಇದೆ, ಸರಿ. ಆದರೆ ಬಿಡಿಯಾಗಿ ತೂಗಿ ಕೊಡುವ ಪುಡಿಗೆ ಲೇಬಲ್ ಇಲ್ಲ, ಲೇಬಲ್ ಇಲ್ಲದ್ದಕ್ಕೆ ಮಿತಿ ಕೇಳುವುದು ಯಾರನ್ನು? 'ಪೂಜೆಗೆ ಮಾತ್ರ' ಎಂದು ಬರೆದ ಪ್ಯಾಕೆಟ್ ನಾನು ಹಣೆಗಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ನಮ್ಮಜ್ಜಿ ಅರಿಶಿನದ ಕೊಂಬನ್ನು ನಿಂಬೆರಸ, ಬಿಳಿಗಾರ, ಸ್ಪಟಿಕದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ ಜರಡಿ ಹಿಡಿಯುತ್ತಿದ್ದರು. ಬಣ್ಣ ರಕ್ತಗೆಂಪಾಗಿ ಸ್ವಲ್ಪ ಮಂಕಾಗಿರುತ್ತಿತ್ತು. ಅದನ್ನೇ ಇನ್ನೂ ಮಾಡಿ ಮಾರುವವರು ಇದ್ದಾರೆ, ದುಬಾರಿ, ಆದರೆ ಒಂದು ಡಬ್ಬಿ ವರ್ಷ ಬರುತ್ತದೆ. ಕಿತ್ತಳೆ ಸಿಂಧೂರ ಮಾತ್ರ ಮಗು ಇರುವ ಮನೆಗೆ ಬೇಡ. ಹಳೇ ಕಾಲದ ಸಿಂಧೂರ ಎಂದರೆ ನಾನು ಮೇಲೆ ಹೇಳಿದ ರೆಡ್ ಲೆಡ್ಡೇ. ಹಣೆಗಿಟ್ಟರೆ ಚರ್ಮದೊಳಗೆ ಹೋಗುವುದು ಕಡಿಮೆ, ಆದರೆ ಅಮ್ಮನ ಹಣೆಯಿಂದ ಮಗುವಿನ ಬೆರಳಿಗೆ, ಬೆರಳಿಂದ ಬಾಯಿಗೆ.

ಸೊಳ್ಳೆಗೆ ಏನು

ವಿ.ಸಿ. ನಾಲೆ, ಗದ್ದೆ ಪಕ್ಕದಲ್ಲಿದ್ದು ಸೊಳ್ಳೆ ಇಲ್ಲ ಎಂದರೆ ಆಗುತ್ತದಾ? ಕಾಯಿಲ್, ಲಿಕ್ವಿಡ್ ಎರಡೂ 1968ರ ಕೀಟನಾಶಕ ಕಾಯ್ದೆಯೊಳಗೆ ಬರುತ್ತವೆ, ಪ್ಯಾಕೆಟ್ ಮೇಲೆ ನೋಂದಣಿ ಸಂಖ್ಯೆ, ಬಣ್ಣದ ತ್ರಿಕೋನ ಇರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷ ಇಳಿಯುತ್ತಾ ಬರುತ್ತದೆ. ಇವೆರಡರಲ್ಲಿ ಹೊಗೆ ಇಲ್ಲದ ಲಿಕ್ವಿಡ್ ವಾಸಿ. ಸೊಳ್ಳೆ ಓಡಿಸುವ ಊದಿನಕಡ್ಡಿ ಎಂದು ಬರುವುದರಲ್ಲಿ ಎಷ್ಟೋ ಪ್ಯಾಕೆಟ್ ಮೇಲೆ ಈ ಸಂಖ್ಯೆಯೂ ಇಲ್ಲ, ತ್ರಿಕೋನವೂ ಇಲ್ಲ. ದೇವರ ಮನೆಗೆ ಬೆಳಗುವ ಕಡ್ಡಿಯಲ್ಲಿ ಕೀಟನಾಶಕ ಇರಬಾರದು ಎಂದು 2025ರಲ್ಲಿ ಬಿಐಎಸ್ ಐಎಸ್ 19412 ಎಂಬ ಹೊಸ ಮಾನದಂಡ ತಂದಿದೆ. ಊದಿನಕಡ್ಡಿಯ ಊರಾದ ಮೈಸೂರಿನವರಿಗೆ ಇದು ಒಳ್ಳೆ ಸುದ್ದಿ, ಮುಂದೆ ಪ್ಯಾಕೆಟ್ ತಿರುಗಿಸಿ ನೋಡಲು ಒಂದು ಸಂಖ್ಯೆ ಸಿಕ್ಕಿತು. ಇಷ್ಟೆಲ್ಲಾ ಹೇಳಿದರೂ ನಮ್ಮ ಮನೆಯಲ್ಲಿ ಗೆದ್ದದ್ದು ಪರದೆ. ಸಾದಾ ಹತ್ತಿ ಪರದೆ.

ಪಾತ್ರೆ ಬಗ್ಗೆ ಎರಡೇ ಮಾತು. ಸ್ಟೀಲ್ ತೆಗೆದುಕೊಳ್ಳಿ. ಹಿಂಡಾಲಿಯಂ ಮತ್ತು ಹಿತ್ತಾಳೆಯ ಕೆಲವು ಪಾತ್ರೆಗಳಿಂದ ಅಡುಗೆಗೆ ಸೀಸ ಇಳಿಯುತ್ತದೆ ಎಂದು 2025ರಲ್ಲಿ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಯಲ್ಲೇ ಹುಳಿ ಮಾಡುತ್ತೇನೆ ಎಂದರೆ ಕಲಾಯಿ ಹಾಕುವವರು ಶುದ್ಧ ತವರ ತರುತ್ತಾರಾ, ಸೀಸ ಬೆರೆಸಿದ್ದಾ ಎಂದು ಕೇಳಿಕೊಳ್ಳಿ.

ಖೋಟಾ ಐಎಸ್‌ಐ ಕಂಡರೆ ಅದೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ದೂರು ಕೊಡಬಹುದು, ಇಲ್ಲದಿದ್ದರೆ ಗ್ರಾಹಕರ ಸಹಾಯವಾಣಿ 1915. ಆ ಜೆಸಿಬಿಯ ಫೋಟೊ ನಾನೂ ಕಳಿಸಿದ್ದೇನೆ.

ಕಿಟಕಿ ಏನಾಯಿತು ಎಂದರೆ, ಮನೆ ಮಾಲೀಕರು ಪೇಂಟಿನ ಅರ್ಧ ದುಡ್ಡು ಕೊಡಲು ಒಪ್ಪಿದರು. ಮಗನನ್ನು ಎರಡು ದಿನ ಮೈಸೂರಿಗೆ ಕಳಿಸಿ, ಪ್ಲಾಸ್ಟಿಕ್ ಹಾಸಿ, ನೀರು ಹಾಕಿ ಉಜ್ಜಿ, ನೆಲವನ್ನು ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಎಸೆದು, ಜಿಂಕ್ ಫಾಸ್ಫೇಟ್ ಮೇಲೆ ಕೆನೆ ಬಣ್ಣದ ನೀರಿನ ಎನಾಮೆಲ್ ಎರಡು ಕೋಟ್ ಹೊಡೆಸಿದೆವು. ಅವನು ವಾಪಸ್ ಬಂದ ಸಂಜೆ ಟ್ರ್ಯಾಕ್ಟರ್ ಬಂತು. ಓಡಿದ, ಸರಳು ಹಿಡಿದ, ಒಂದು ಸಲ ನೆಕ್ಕಿ ನೋಡಿ ಮುಖ ಕಿವುಚಿದ.